ದಿನಕ್ಕೆ 61 ತೊಗರಿ ಕಾಳು

ರೇಷನ್ ಅಂಗಡಿಯಲ್ಲಿ ನನ್ನ ಹೆಬ್ಬೆಟ್ಟು ಬರಲಿಲ್ಲ. ಬಲಗೈದು ಇಟ್ಟೆ, ಎಡಗೈದು ಇಟ್ಟೆ, ಸೆರಗಿಗೆ ಒರೆಸಿ ಮತ್ತೆ ಇಟ್ಟೆ. ಮಷೀನು ಪ್ರತಿ ಸಲವೂ ಕುಂಯ್ ಅಂದು ಬೇಡ ಅಂತು. ಹಿಂದೆ ಹದಿನೈದು ಜನ ಪಾಳಿ ಹಚ್ಚಿದ್ದರು. ಅಂಗಡಿಯಾತ ಬಗ್ಗಿ ನನ್ನ ಬೆರಳು ನೋಡಿದ.

“ಯಕ್ಕಾ, ಗೆರಿನೇ ಉಳದಿಲ್ಲಲ್ರಿ. ಮನಿಯಾಗ ಮತ್ಯಾರರ ಇದ್ರ ಕಳಸ್ರಿ.”

ನಾನೂ ಆಗಲೇ ಸರಿಯಾಗಿ ನೋಡಿಕೊಂಡಿದ್ದು. ಹೆಬ್ಬೆಟ್ಟಿನ ತುದಿ ತಗಡಿನ ಹಾಗೆ ಹೊಳೆಯುತ್ತಿತ್ತು. ಗೆರೆ ಇರಬೇಕಾದ ಜಾಗದಲ್ಲಿ ಎರಡು ಸೀಳು. ಒಂದರಲ್ಲಿ ಜೋಳದ ಹಿಟ್ಟು ಕೂತಿತ್ತು, ಬೆಳಿಗ್ಗೆ ತೊಳೆದಾಗಲೂ ಹೋಗದೆ.

ನಮ್ಮದು ಕಲಬುರಗಿ. ಸೇಡಂ ರಸ್ತೆ ಕಡೆ, ಮನೆಯ ಮುಂದಿನ ಎರಡು ಕೋಣೆಯಲ್ಲಿ ಒಂದು ಮೆಸ್ ನಡೆಸುತ್ತೇನೆ. ಮೂವತ್ತೈದು ನಲವತ್ತು ಹುಡುಗರು, ಎರಡು ಹೊತ್ತು ಊಟ. ಜೋಳದ ರೊಟ್ಟಿ, ಒಂದು ಕಾಳು ಪಲ್ಯ, ಪುಂಡಿ ಪಲ್ಯವೋ ಮತ್ತೊಂದು ಸೊಪ್ಪೋ, ಶೇಂಗಾ ಹಿಂಡಿ, ಅನ್ನ, ತೊಗರಿ ಬೇಳೆ ಸಾರು. ದಿನಕ್ಕೆ ಹತ್ತಿರ ಹತ್ತಿರ 200 ರೊಟ್ಟಿ. ಬಡಿಯುವುದು ನಾನು ಮತ್ತು ನನ್ನ ನೆಗೆಣ್ಣಿ.

ರೊಟ್ಟಿ ಬಡಿಯುವುದು ಬೆಂಕಿಯ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ನೀರಿನ ಕೆಲಸ. ಹಿಟ್ಟಿಗೆ ಕುದಿಯುವ ನೀರು ಹೊಯ್ದು, ಬಿಸಿ ಆರುವ ಮೊದಲೇ ನಾದಬೇಕು. ಬಡಿದು ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರಬೇಕು. ಕೈ ಒಮ್ಮೆ ಒದ್ದೆ, ಒಮ್ಮೆ ಒಣ ಹಿಟ್ಟಿನಲ್ಲಿ, ಒಮ್ಮೆ ಒಲೆಯ ಝಳಕ್ಕೆ. ನಡುವೆ ಯಾರೋ ಫೋನ್ ಮಾಡುತ್ತಾರೆ, ಗ್ಯಾಸ್ ಸಿಲಿಂಡರ್ ಬರುತ್ತದೆ, ದುಡ್ಡು ಎಣಿಸಬೇಕು. ಪ್ರತಿ ಸಲ ಎದ್ದು ಕೈ ತೊಳೆಯುವುದು, ಬಂದು ಮತ್ತೆ ಹಿಟ್ಟಿಗೆ ಕೈ ಹಾಕುವುದು.

ಅದರ ಮೇಲೆ 2020 ಬಂತು. ಆ ವರ್ಷದ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾಗಿದ್ದು ನಮ್ಮ ಊರಿನಿಂದಲೇ. ಬೇರೆ ಊರಿನವರು ಟಿವಿ ನೋಡಿ ಹೆದರಿದರು, ನಾವು ಓಣಿ ನೋಡಿ ಹೆದರಿದೆವು. ಹಾಲಿನ ಪಾಕೀಟು ಮುಟ್ಟಿದರೆ ಕೈ ತೊಳೆ, ನೋಟು ಮುಟ್ಟಿದರೆ ತೊಳೆ, ಬಾಗಿಲ ಚಿಲಕ ಮುಟ್ಟಿದರೂ ತೊಳೆ. ಆಗ ತೊಳೆದದ್ದು ತಪ್ಪಲ್ಲ. ಆದರೆ ಭಯ ಹೋದ ಮೇಲೂ ನನ್ನ ಕೈ ಮಾತ್ರ ನಲ್ಲಿಯ ಕಡೆಗೇ ಹೋಗುತ್ತಿತ್ತು. ಮೆಸ್ ಇಟ್ಟವಳು ನಾನು, ಸ್ವಚ್ಛ ಇರುವುದೇ ನನ್ನ ಬೋರ್ಡು ಅಂತ ಹೆಮ್ಮೆ ಬೇರೆ.

ಕೈ ಕೆಟ್ಟಿದ್ದು ಆಮೇಲೆ ಕೆಲವು ವರ್ಷಕ್ಕೆ, ಪಾತ್ರೆ ತೊಳೆಯುವಾಕೆ ಮಗಳ ಬಾಣಂತನಕ್ಕೆ ಅಂತ ಊರಿಗೆ ಹೋಗಿ ವಾಪಸ್ ಬರದೇ ಇದ್ದಾಗ. ನಾಲ್ಕು ತಿಂಗಳು ನಾನೇ ತೊಳೆದೆ. ನಮ್ಮ ಬೋರಿನ ನೀರು ಸವಳು. ಬಕೆಟ್ಟಿನ ಅಂಚಿಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟುತ್ತದೆ. ನಲ್ಲಿಯಲ್ಲಿ ಭೀಮೆಯ ನೀರು ಬಂದ ದಿನ ಅದನ್ನು ಕುಡಿಯಲು, ಅಡುಗೆಗೆ ಹಿಡಿದಿಡುತ್ತೇವೆ. ಬಚ್ಚಲಿಗೆ ಬೋರಿನದೇ. ಸವಳು ನೀರಲ್ಲಿ ಸೋಪು ನೊರೆ ಕಟ್ಟುವುದಿಲ್ಲ. ನೊರೆ ಬರಲಿ ಅಂತ ಇನ್ನಷ್ಟು ಹಚ್ಚುತ್ತೇವೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಗುಟಾಗಿ ಚರ್ಮಕ್ಕೆ ಅಂಟುತ್ತದೆ. ಬಚ್ಚಲ ಶಹಾಬಾದ್ ಕಲ್ಲಿನ ಮೇಲೆ ಜಾರುವ ಬೂದು ಪದರ ಕಂಡಿರುತ್ತೀರಿ, ಅದೇ. ಅದು ಕೈಗೂ ಅಂಟುತ್ತದೆ ಅಂತ ನನಗೆ ಹೊಳೆದಿರಲಿಲ್ಲ.

ಶುರುವಾಗಿದ್ದು ಉಂಗುರದ ಕೆಳಗೆ. ಎಡಗೈಯ ಉಂಗುರ ಬೆರಳಲ್ಲಿ ಒಂದು ಕೆಂಪು ಪಟ್ಟಿ, ಸಣ್ಣ ತುರಿಕೆ. ಬಂಗಾರದಲ್ಲಿ ಏನೋ ಬೆರೆಸಿದ್ದಾರೆ ಅಂತ ನನಗೆ ಅನುಮಾನ. ಅದು ಮದುವೆಯಲ್ಲಿ ಅತ್ತೆ ಮನೆಯವರು ಹಾಕಿದ ಉಂಗುರ. ಇಪ್ಪತ್ತೊಂದು ವರ್ಷದ ಮೇಲೆ ಇಂಥ ಅನುಮಾನ ಬಂದರೆ ಮನೆಯಲ್ಲಿ ಏನೇನು ಮಾತು ನಡೆದಿರಬಹುದು ನೀವೇ ಊಹಿಸಿ. ಸರಾಫ್ ಬಜಾರಿಗೆ ಹೋಗಿ ತೋರಿಸಿದೆ. ಅವನು ಒರೆಗಲ್ಲಿಗೆ ತಿಕ್ಕಿ, “ಅಸಲಿ ಅದರಿ ಬಾಯಾರ, ನಿಮ್ ಕೈನೇ ಕೆಟ್ಟಾದ” ಅಂದ. ಅತ್ತೆಗೆ ಆ ಮಾತು ಬಹಳ ಇಷ್ಟವಾಯಿತು. ಈಗಲೂ ಹೇಳುತ್ತಾರೆ.

ಉಂಗುರದ ಕೆಳಗೆ ಯಾಕೆ ಅಂದರೆ ಸೋಪಿನ ನೊರೆ ಅಲ್ಲಿ ಸಿಕ್ಕಿಕೊಂಡು ಕೂರುತ್ತದೆ. ತೊಳೆದರೂ ಹೋಗದು, ಒರೆಸಿದರೂ ಒಣಗದು. ಇದು ನನಗೆ ತಿಳಿದಿದ್ದು ಆಮೇಲೆ. ಆಗ ಉಂಗುರ ತೆಗೆದಿಟ್ಟು ಸುಮ್ನೆ ಆದೆ. ಎರಡು ವಾರದಲ್ಲಿ ಬೆರಳಿನ ಸಂದಿಗೆ ಬಂತು. ಅಲ್ಲಿಂದ ಅಂಗೈ ಹಿಂಭಾಗಕ್ಕೆ. ಮೊದಲು ಒರಟು, ಆಮೇಲೆ ಕೆಂಪು, ಆಮೇಲೆ ಹೊಟ್ಟು, ಆಮೇಲೆ ಸೀಳು. ಚಳಿಗಾಲ ಬರುವಷ್ಟರಲ್ಲಿ ಮುಷ್ಟಿ ಕಟ್ಟಿದರೆ ಗೆಣ್ಣಿನ ಮೇಲೆ ರಕ್ತ ಬರುತ್ತಿತ್ತು. ಶೇಂಗಾ ಹಿಂಡಿಗೆ ಖಾರ, ಬೆಳ್ಳುಳ್ಳಿ ಕಲಸಿದ ದಿನ ರಾತ್ರಿ ನಿದ್ದೆ ಇಲ್ಲ.

ನೋವಿಗಿಂತ ನಾಚಿಕೆ ದೊಡ್ಡದಾಗಿತ್ತು. ರೊಟ್ಟಿ ಬಡಿಸುವಾಗ ಒಬ್ಬ ಹುಡುಗ, “ಆಂಟಿ, ಕೈಗ ಏನಾಗ್ಯಾದ?” ಅಂದ. ಪಾಪ, ಕಾಳಜಿಯಿಂದಲೇ ಕೇಳಿದ್ದು. ಆದರೆ ಅವನ ಪಕ್ಕದವನು ನನ್ನ ಕೈ ನೋಡಿ ತಟ್ಟೆ ನೋಡಿದ. ಆ ತಿಂಗಳು ಇಬ್ಬರು ಮೆಸ್ ಬಿಟ್ಟರು. ಕಾರಣ ಬೇರೆ ಇರಬಹುದು. ನನಗೆ ಮಾತ್ರ ಕೈಯೇ ಕಾರಣ ಅನ್ನಿಸಿತು. ಅವತ್ತಿನಿಂದ ಹುಡುಗರ ಕಣ್ಣಿಗೆ ಬೀಳುವ ಹಾಗೆ ಕೈ ತೊಳೆಯಲು ಶುರು ಮಾಡಿದೆ. ಊಟದ ಕೋಣೆಯ ಬೇಸಿನ್ನಿನಲ್ಲೇ, ಸೋಪು ಹಚ್ಚಿ, ಮೊಣಕೈವರೆಗೆ. ಬಡಿಸುವ ಮೊದಲು ಒಮ್ಮೆ, ನಡುವೆ ಒಮ್ಮೆ. ರಾತ್ರಿ ಬಿಸಿ ನೀರಿಗೆ ಆಂಟಿಸೆಪ್ಟಿಕ್ ಹಾಕಿ ಕೈ ಅದ್ದಿ ಕೂರುತ್ತಿದ್ದೆ. ಬಿಸಿ ನೀರಲ್ಲಿ ತುರಿಕೆಗೆ ಏನೋ ಸುಖ. ಐದು ನಿಮಿಷ ಬಿಟ್ಟು ಎರಡರಷ್ಟು ತುರಿಕೆ. ಯಾರೋ ನಿಂಬೆಹಣ್ಣು ಹಚ್ಚು ಅಂದರು, ಅದನ್ನೂ ಹಚ್ಚಿದೆ. ನಿಂಬೆ ರಸ ಬಿದ್ದರೆ ಶಹಾಬಾದ್ ಕಲ್ಲೇ ಬೆಳ್ಳಗೆ ಕಲೆಯಾಗುತ್ತದೆ ಅಂತ ಗೊತ್ತಿದ್ದೂ ಒಡೆದ ಕೈಗೆ ಹಿಂಡಿಕೊಂಡೆ. ಕಣ್ಣಲ್ಲಿ ನೀರು ಬಂತು. ಉರಿ ಬಂದರೆ ಔಷಧ ಕೆಲಸ ಮಾಡುತ್ತಿದೆ ಅಂತ ನಂಬುವವರು ನಾವು.

ನಮ್ಮ ಯಜಮಾನರು ಮೆಡಿಕಲ್ ಶಾಪಿನಿಂದ ಒಂದು ಟ್ಯೂಬು ತಂದರು. ಚೀಟಿ ಗೀಟಿ ಏನೂ ಇಲ್ಲ, ‘ತುರಿಕೆಗೆ ಕೊಡಿ’ ಅಂದರೆ ಕೊಟ್ಟರು. ನಾಲ್ಕೇ ದಿನದಲ್ಲಿ ಕೈ ನುಣ್ಣಗಾಯಿತು. ಪಕ್ಕದ ಮನೆಯಾಕೆಗೂ ಹೆಸರು ಬರೆದುಕೊಟ್ಟೆ. ಬಿಟ್ಟ ವಾರಕ್ಕೆ ಮರಳಿ ಬಂತು, ಮೊದಲಿಗಿಂತ ಜಾಸ್ತಿ. ಮತ್ತೊಂದು ಟ್ಯೂಬು. ಹೀಗೆ ಎರಡು ತಿಂಗಳಲ್ಲಿ ಐದು ಟ್ಯೂಬು ಮುಗಿಸಿದೆ. ಕೈ ಹಿಂಭಾಗದ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಕೆಳಗಿನ ರಕ್ತನಾಳ ನೀಲಿಯಾಗಿ ಕಾಣತೊಡಗಿತು. ಹೆಬ್ಬೆಟ್ಟು ಬರದ ಪ್ರಸಂಗ ನಡೆದಿದ್ದು ಆಗಲೇ.

ರೇಷನ್ ಅಂಗಡಿಯಿಂದ ಹೊರಟವಳು ಮನೆಗೆ ಬರದೆ ನೇರ ಚರ್ಮದ ಡಾಕ್ಟರ ಹತ್ತಿರ ಹೋದೆ. ಸಣ್ಣ ವಯಸ್ಸಿನ ಹೆಣ್ಣುಮಗಳು, ನಮ್ಮ ಕಡೆಯವರೇ. ಕೈ ಮುಟ್ಟದೆ ದೂರದಿಂದ ನೋಡಿ ಬರೆದುಕೊಡುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಎರಡೂ ಕೈ ತಮ್ಮ ಕೈಯಲ್ಲಿ ಹಿಡಿದು, ದೀಪದ ಕೆಳಗೆ ಒಂದೊಂದೇ ಬೆರಳು ತಿರುಗಿಸಿ ನೋಡಿದರು. ನಾಲ್ಕು ತಿಂಗಳಲ್ಲಿ ಯಾರೂ ಹಾಗೆ ಹಿಡಿದಿರಲಿಲ್ಲ. ನನಗೆ ಗಂಟಲು ಕಟ್ಟಿತು.

“ಅಂಟುರೋಗ ಏನ್ರಿ ಡಾಕ್ಟ್ರೇ?”

“ಅಂಟೂದಿದ್ರ ನಾ ಹಿಂಗ ಹಿಡ್ಕೋತಿದ್ನೇನ್ ಯಕ್ಕಾ? ಮೊದ್ಲ ನೋಡೋಣು.”

ಬ್ಲೇಡಿನಿಂದ ಒಂಚೂರು ಹೊಟ್ಟು ಕೆರೆದು ಗಾಜಿನ ಮೇಲೆ ಹಾಕಿ, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆ ದ್ರಾವಣ ಸತ್ತ ಚರ್ಮವನ್ನು ಕರಗಿಸುತ್ತದೆ, ಶಿಲೀಂಧ್ರ ಇದ್ದರೆ ಅದರ ಎಳೆ ಹಾಗೇ ಉಳಿದು ಕಾಣುತ್ತದೆ. ಕಾಣಲಿಲ್ಲ. ಗಜಕರ್ಣ ಅಲ್ಲ. ಕೈಚೀಲದಲ್ಲಿದ್ದ ಟ್ಯೂಬು ತೋರಿಸಿದೆ. ಅವರ ಮುಖ ಗಟ್ಟಿಯಾಯಿತು. ಅದರಲ್ಲಿ ಮೂರು ಔಷಧ ಬೆರೆತಿವೆ: ಭಾರೀ ಜೋರಿನ ಸ್ಟೀರಾಯ್ಡು, ಶಿಲೀಂಧ್ರದ ಮದ್ದು, ಬ್ಯಾಕ್ಟೀರಿಯಾದ ಮದ್ದು. ರೋಗ ಯಾವುದೇ ಇರಲಿ, ಸ್ಟೀರಾಯ್ಡು ನಾಲ್ಕು ದಿನ ತಣ್ಣಗೆ ಮಾಡುತ್ತದೆ. ನಿಜಕ್ಕೂ ಗಜಕರ್ಣ ಇದ್ದರೆ ಅದು ಕಾಣದ ಹಾಗೆ ಮುಚ್ಚಿಟ್ಟು ಒಳಗೇ ಹರಡಿಸುತ್ತದೆ. ಜಾಸ್ತಿ ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಪಕ್ಕದ ಮನೆಯಾಕೆ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಮನೆಗೆ ಬಂದವಳೇ ಮೊದಲು ಅವರ ಬಾಗಿಲು ಬಡಿದೆ.

“ಇದು ಇಸಬು. ನೀರಿಂದು, ಸೋಪಿಂದು” ಅಂದರು ಡಾಕ್ಟರು. “ದಿನಕ್ಕ ಎಷ್ಟ್ ಸಲ ಕೈ ತೊಳ್ಕೋತೀರಿ?”

“ಹತ್ತು ಹದಿನೈದು ಸಲ ಇರ್ಬೇಕ್ರಿ.”

“ನಾಳಿ ಒಂದಿನ ಎಣಸ್ರಿ. ಆಮ್ಯಾಲ ಹೇಳ್ರಿ.”

ಹೇಗೆ ಎಣಿಸುವುದು? ಹಿಟ್ಟಿನ ಕೈಯಲ್ಲಿ ಪೆನ್ನು ಹಿಡಿಯಲಾಗದು. ಬೇಸಿನ್ ಪಕ್ಕ ಒಂದು ಬಟ್ಟಲು ತೊಗರಿ ಕಾಳು, ಒಂದು ಖಾಲಿ ಬಟ್ಟಲು ಇಟ್ಟೆ. ಕೈ ತೊಳೆದಾಗಲೆಲ್ಲ ಒಂದು ಕಾಳು ಆಚೆ ಬಟ್ಟಲಿಗೆ. ತೊಗರಿಯ ನಾಡಲ್ಲಿ ಕಾಳಿಗೇನು ಬರ. ಮಧ್ಯಾಹ್ನವೇ ಬಟ್ಟಲ ತಳ ಮುಚ್ಚಿತ್ತು. ರಾತ್ರಿ ಹತ್ತೂವರೆಗೆ ಕೂತು ಎಣಿಸಿದೆ. 61. ತಪ್ಪಿರಬೇಕು ಅಂತ ಮತ್ತೆ ಎಣಿಸಿದೆ. 61. ಅದರಲ್ಲಿ ಪಾತ್ರೆ ತೊಳೆದ ಎರಡೂವರೆ ತಾಸು ಬೇರೆ ಸೇರಿಲ್ಲ.

ಮರುದಿನ ಡಾಕ್ಟರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಜರ್ಮನಿಯಲ್ಲಿ ಕೆಲಸಗಾರರ ಸುರಕ್ಷತೆಗೆ ಒಂದು ಲೆಕ್ಕ ಇಟ್ಟಿದ್ದರಂತೆ: ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಕೈ ನೀರಲ್ಲಿದ್ದರೆ, ಇಲ್ಲವೇ ಇಪ್ಪತ್ತು ಸಲಕ್ಕಿಂತ ಹೆಚ್ಚು ಕೈ ತೊಳೆಯುತ್ತಿದ್ದರೆ ಅದು ಒದ್ದೆ ಕೆಲಸ, ಚರ್ಮಕ್ಕೆ ಅಪಾಯ ಇರುವ ಕೆಲಸ. ನರ್ಸು, ಕ್ಷೌರದವರು, ಅಡುಗೆಯವರು, ಬಟ್ಟೆ ಪಾತ್ರೆ ತೊಳೆಯುವವರು ಎಲ್ಲರೂ ಅದರೊಳಗೆ. ಅವರು ತಮ್ಮ ಕೈಯನ್ನೂ ಚಾಚಿ ತೋರಿಸಿದರು. ಗೆಣ್ಣುಗಳು ಕೆಂಪಗೆ, ಒರಟಾಗಿದ್ದವು. “ನಾನೂ ಅದರಾಗೇ ಅದೀನ್ರಿ.”

ನೀರು ಹೇಗೆ ಕೆಡಿಸುತ್ತದೆ ಅನ್ನುವುದೇ ನನಗೆ ಅರ್ಥವಾಗಿರಲಿಲ್ಲ. ನೀರು ಹಾಕಿದರೆ ಗಿಡ ಹಸಿರಾಗುತ್ತದೆ, ಕೈ ಯಾಕೆ ಒಣಗುತ್ತದೆ? ಅವರು ನಮ್ಮ ಊರಿನ ಕೋಟೆ ಗೋಡೆಯ ಉದಾಹರಣೆ ಕೊಟ್ಟರು. ಚರ್ಮದ ತೀರಾ ಮೇಲಿನ ಪದರ ಅಂದರೆ ಚಪ್ಪಟೆಯಾದ ಸತ್ತ ಕೋಶಗಳು, ಕಲ್ಲು ಪೇರಿಸಿದ ಹಾಗೆ. ಕಲ್ಲಿನ ನಡುವೆ ಗಚ್ಚು. ಆ ಗಚ್ಚೇ ಒಂದು ಬಗೆಯ ಕೊಬ್ಬು. ಒಳಗಿನ ನೀರು ಹೊರಗೆ ಹೋಗದ ಹಾಗೆ, ಹೊರಗಿನ ಖಾರ ಒಳಗೆ ಬರದ ಹಾಗೆ ತಡೆಯುವುದು ಅದೇ. ಸೋಪಿಗೆ ತಟ್ಟೆಯ ಎಣ್ಣೆ ಯಾವುದು, ಚರ್ಮದ ಗಚ್ಚು ಯಾವುದು ಅಂತ ಗೊತ್ತಿಲ್ಲ. ಎರಡನ್ನೂ ಎತ್ತಿಕೊಂಡು ಹೋಗುತ್ತದೆ. ಬಿಸಿ ನೀರು ಇನ್ನೂ ಬೇಗ ಎತ್ತುತ್ತದೆ. “ಗಚ್ಚು ತೊಳದು ಹೋದ್ರ ಕಲ್ಲು ನಿಲ್ತಾವೇನ್ ಯಕ್ಕಾ?”

ಅಂಗೈಯಲ್ಲಿ ಎಣ್ಣೆ ಸುರಿಸುವ ಗ್ರಂಥಿಗಳೇ ಇಲ್ಲವಂತೆ, ಅಂಗಾಲಿನಲ್ಲೂ ಇಲ್ಲ. ತೊಳೆದು ಹೋದದ್ದನ್ನು ತುಂಬಿಕೊಳ್ಳಲು ಅದಕ್ಕೆ ಬೇರೆ ದಾರಿ ಕಡಿಮೆ. ಇನ್ನೊಂದು, ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಪಿಎಚ್ ಲೆಕ್ಕದಲ್ಲಿ 5ರ ಆಸುಪಾಸು; ಆ ಲೆಕ್ಕದಲ್ಲಿ 7ಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ಆ ಹುಳಿಯಿಂದಲೇ ಕೆಟ್ಟ ಬ್ಯಾಕ್ಟೀರಿಯಾ ಹದ್ದುಬಸ್ತಿನಲ್ಲಿರುತ್ತವೆ, ಗಚ್ಚಿನ ರಿಪೇರಿಯೂ ನಡೆಯುತ್ತದೆ. ಸೋಪಿನದು 9ರಿಂದ 10. ಒಮ್ಮೆ ಸೋಪು ಹಚ್ಚಿದರೆ ಚರ್ಮ ತನ್ನ ಹುಳಿಗೆ ಮರಳಲು ತಾಸುಗಟ್ಟಲೆ ಬೇಕು. ನಾನು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ತೊಳೆಯುತ್ತಿದ್ದೆ.

ನೀರಲ್ಲಿ ಜಾಸ್ತಿ ಹೊತ್ತು ಇದ್ದರೆ ಬೆರಳ ತುದಿ ಸುಕ್ಕಾಗುತ್ತದಲ್ಲ, ಅದು ನೀರು ಕುಡಿದು ಉಬ್ಬುವುದು ಅಂತ ನಾನು ತಿಳಿದಿದ್ದೆ. ಅಲ್ಲವಂತೆ, ಅದು ನರದ ಕೆಲಸ. ನರ ತುಂಡಾದ ಬೆರಳನ್ನು ಎಷ್ಟು ಹೊತ್ತು ನೀರಲ್ಲಿಟ್ಟರೂ ಸುಕ್ಕಾಗುವುದಿಲ್ಲ. ನನ್ನ ಖಾಯಿಲೆಗೆ ಇದಕ್ಕೆ ಸಂಬಂಧವಿಲ್ಲ, ಆದರೆ ಅವತ್ತು ಕೇಳಿದ್ದರಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಮೆಸ್ಸಿನ ಹುಡುಗರಿಗೆಲ್ಲ ಹೇಳಿದ್ದೇನೆ.

ಅಲರ್ಜಿ ಇದೆಯೋ ಅಂತ ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನಿಗೆ ಸಣ್ಣ ಸಣ್ಣ ಬಟ್ಟಲಿನಂಥ ಚುಕ್ಕಿಗಳಿರುವ ಪಟ್ಟಿ ಅಂಟಿಸುತ್ತಾರೆ, ಒಂದೊಂದರಲ್ಲಿ ಒಂದೊಂದು ಪದಾರ್ಥ: ನಿಕ್ಕಲ್, ಸುಗಂಧ, ರಬ್ಬರಿನ ರಾಸಾಯನಿಕ, ಸಿಮೆಂಟಿನಲ್ಲಿರುವ ಕ್ರೋಮಿಯಂ, ಕ್ರೀಮು ಕೆಡದಂತೆ ಹಾಕುವವು. 48 ತಾಸು ಬೆನ್ನಿಗೆ ನೀರು ಸೋಕಬಾರದು, ಬೆವರಬಾರದು. ಡಿಸೆಂಬರ್ ಆಗಿದ್ದಕ್ಕೆ ಆಯಿತು. 42 ಡಿಗ್ರಿ ಬಿಸಿಲಿನಲ್ಲಿ ಒಲೆ ಮುಂದೆ ಕೂರುವವಳಿಗೆ ಬೆವರಬೇಡ ಅಂದರೆ? ಪಟ್ಟಿ ತೆಗೆದ ದಿನ ಒಮ್ಮೆ, ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡಿದರು. ನಿಕ್ಕಲ್ ಒಂದಕ್ಕೆ ಕೆಂಪಾಗಿತ್ತು. ಅದು ಹೆಣ್ಣುಮಕ್ಕಳಲ್ಲಿ ಸಾಮಾನ್ಯ, ಸುಳ್ಳು ಬಂಗಾರದ ಓಲೆಯಿಂದ ಬರುತ್ತದೆ. ಕಿವಿ ತುರಿಕೆಗೆ ಉತ್ತರ ಸಿಕ್ಕಿತು, ಕೈಗೆ ಸಿಗಲಿಲ್ಲ. ಬೆಳ್ಳುಳ್ಳಿಯ ಬಗ್ಗೆಯೂ ಕೇಳಿದ್ದೆ. ಬೆಳ್ಳುಳ್ಳಿ ಅಲರ್ಜಿ ಇದ್ದರೆ ಬಲಗೈಯವರಿಗೆ ಎಡಗೈಯ ಹೆಬ್ಬೆಟ್ಟು, ತೋರುಬೆರಳು, ನಡುಬೆರಳ ತುದಿಯಲ್ಲಿ ಜಾಸ್ತಿ ಬರುತ್ತದೆ, ಹೆಚ್ಚುವಾಗ ಎಸಳು ಹಿಡಿಯುವುದು ಆ ಬೆರಳಲ್ಲಿ ಅಲ್ವಾ. ನನ್ನದು ಹಾಗಿರಲಿಲ್ಲ. ಅಂದರೆ ಯಾವ ಒಂದು ವಸ್ತುವೂ ಕಳ್ಳ ಅಲ್ಲ. ಎಷ್ಟು ಸಲ ಅನ್ನುವುದೇ ಕಳ್ಳ.

ಔಷಧ ಅಂದರೆ ಎರಡು ವಾರ ಒಂದು ಸ್ಟೀರಾಯ್ಡ್ ಮುಲಾಮು. ಮತ್ತೆ ಸ್ಟೀರಾಯ್ಡಾ ಅಂತ ನಾನು ಹೌಹಾರಿದೆ. ಸ್ಟೀರಾಯ್ಡು ಕೆಟ್ಟದ್ದಲ್ಲ, ಅಳತೆ ಇಲ್ಲದೆ ಹಚ್ಚಿದ್ದು ಕೆಟ್ಟದ್ದು ಅಂದರು. ಅಳತೆಯನ್ನೂ ತೋರಿಸಿದರು: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಎರಡು ವಾರದ ಮೇಲೆ ದಿನ ಬಿಟ್ಟು ದಿನ, ಆಮೇಲೆ ನಿಲ್ಲಿಸುವುದು, ಅವರು ಹೇಳಿದಾಗ ಮಾತ್ರ. ಉಳಿದ ಕೆಲಸವೆಲ್ಲ ವ್ಯಾಸಲೀನಿನದು. ತಣ್ಣೀರಲ್ಲೋ ಉಗುರು ಬೆಚ್ಚಗಿನ ನೀರಲ್ಲೋ ತೊಳೆ, ತಿಕ್ಕದೆ ಒತ್ತಿ ಒರೆಸು, ಮೂರು ನಿಮಿಷದೊಳಗೆ ಹಚ್ಚು. ಹಸಿ ಇರುವಾಗಲೇ ಹಚ್ಚಿದರೆ ಆ ಹಸಿ ಒಳಗೇ ಉಳಿಯುತ್ತದೆ. ಬೆರಳ ಸಂದಿ ಮಾತ್ರ ಚೆನ್ನಾಗಿ ಒಣಗಬೇಕು, ಇಲ್ಲದಿದ್ದರೆ ಉಗುರುಸುತ್ತು, ಶಿಲೀಂಧ್ರ ಬರುತ್ತದೆ. ರಾತ್ರಿ ದಪ್ಪಗೆ ಹಚ್ಚಿ ಹತ್ತಿಯ ಕೈಗವಸು ಹಾಕು. ಅದು ಎಲ್ಲಿ ಸಿಗಬೇಕು? ಯಜಮಾನರ ಹಳೆಯ ಕಾಟನ್ ಸಾಕ್ಸ್ ಒಗೆದು ಕೈಗೆ ಹಾಕಿಕೊಂಡು ಮಲಗಿದೆ. ನನ್ನ ಮಗ ಫೋಟೋ ತೆಗೆದು ಬಳಗದವರಿಗೆಲ್ಲ ಕಳಿಸಿದ.

ಅತ್ತೆ ಕುಸುಬಿ ಎಣ್ಣೆ ಹಚ್ಚು ಅಂದರು. ಡಾಕ್ಟರು ಅದಕ್ಕೆ ಬೇಡ ಅನ್ನಲಿಲ್ಲ. ಕುಸುಬಿಯಲ್ಲಿ ಲಿನೋಲಿಯಿಕ್ ಆಮ್ಲ ಜಾಸ್ತಿ, ಚರ್ಮದ ಗಚ್ಚಿಗೆ ಬೇಕಾದ ಕೊಬ್ಬೇ ಅದು. ಆದರೆ ಅದೊಂದೇ ಸಾಲದು, ನೀರು ಹೊರಹೋಗದಂತೆ ತಡೆಯುವುದರಲ್ಲಿ ವ್ಯಾಸಲೀನಿಗೆ ಸಮ ಇಲ್ಲ. ಅತ್ತೆಯ ಇನ್ನೊಂದು ಮಾತನ್ನು ಮಾತ್ರ ನಾನು ಒಪ್ಪಲಿಲ್ಲ. “ನಾವು ಬೂದಿ ಹಚ್ಚಿ ತಿಕ್ಕತಿದ್ವಿ, ಯಾರ ಕೈ ಒಡದಿತ್ತು?” ಬೂದಿಯೇನು ಸಾಧುವಲ್ಲ, ಅದೂ ಕ್ಷಾರವೇ. ಹಿಂದೆ ಬೂದಿಯ ನೀರಿನಿಂದಲೇ ಸೋಪು ಮಾಡುತ್ತಿದ್ದರು. ಅವರು ತಿಕ್ಕುತ್ತಿದ್ದದ್ದು ಹತ್ತು ತಟ್ಟೆ, ನಾನು ನಲವತ್ತು, ಎರಡು ಹೊತ್ತು. ಮತ್ತೆ, ಒಡೆದಿರಲಿಲ್ಲ ಅನ್ನುವುದೂ ಸುಳ್ಳು. ಅವರ ಕೈ ಹಿಡಿದು ನೋಡಿದೆ. ಅಂಗೈ ತುಂಬ ಹಳೆಯ ಸೀಳಿನ ಗೆರೆಗಳು. ಅದಕ್ಕೆ ಖಾಯಿಲೆ ಅಂತ ಹೆಸರಿಟ್ಟಿರಲಿಲ್ಲ, ‘ದುಡಿದ ಕೈ’ ಅನ್ನುತ್ತಿದ್ದರು.

ತೊಳೆಯುವುದನ್ನು ಬಿಡಲಾಗದು. ಅಡುಗೆ ಮಾಡುವವಳು ಕೈ ತೊಳೆಯದೆ ಇದ್ದರೆ ನಲವತ್ತು ಹುಡುಗರ ಹೊಟ್ಟೆ ಕೆಡುತ್ತದೆ. ಹಾಗಾಗಿ ಡಾಕ್ಟರು ಹೇಳಿದ ಹಾಗೆ ಆ 61 ಕಾಳನ್ನು ಹರವಿಕೊಂಡು ಕೂತೆ. ಯಾವುದು ಬೇಕು, ಯಾವುದು ಸುಮ್ನೆ? ಶೌಚದ ನಂತರ ಬೇಕು. ಅಡುಗೆ ಶುರುವಾಗುವ ಮೊದಲು, ಕಸ ಮುಟ್ಟಿದ ಮೇಲೆ, ಮೊಟ್ಟೆ ಒಡೆದ ಮೇಲೆ, ಊಟದ ಮೊದಲು ಬೇಕು. ಹುಡುಗರಿಗೆ ತೋರಿಸಲು ತೊಳೆಯುವುದು ಬೇಡ. ಹಿಟ್ಟಿನ ಕೈಗೆ ಸೋಪು ಬೇಡ, ಬರೀ ನೀರು ಸಾಕು. ಫೋನ್ ಬಂದರೆ ಮಗ ಎತ್ತಲಿ. ದುಡ್ಡು ಯಜಮಾನರು ಎಣಿಸಲಿ, ಅವರಿಗೆ ಅದು ಖುಷಿಯ ಕೆಲಸವೇ. ಕಾಳು 22ಕ್ಕೆ ಇಳಿಯಿತು.

ಸ್ಯಾನಿಟೈಸರ್ ಬಗ್ಗೆ ನಾನು ತಪ್ಪು ತಿಳಿದಿದ್ದೆ. ಉರಿಯುತ್ತದೆ, ಆದ್ದರಿಂದ ಕೆಟ್ಟದ್ದು ಅಂತ. ಕೈ ಒಡೆದಿದ್ದಕ್ಕೆ ಉರಿಯುವುದು. ಗ್ಲಿಸರಿನ್ ಬೆರೆತ ಆಲ್ಕೋಹಾಲ್ ದ್ರವ ಸೋಪಿಗಿಂತ ಚರ್ಮಕ್ಕೆ ಹಗುರ, ಆಸ್ಪತ್ರೆಯವರು ಅದನ್ನೇ ಜಾಸ್ತಿ ಬಳಸುತ್ತಾರೆ. ಆದರೆ ಜಿಡ್ಡು, ಕೊಳೆ ಹತ್ತಿದ ಕೈಗೆ ಅದು ಕೆಲಸ ಮಾಡದು. ಅಡುಗೆಯವಳ ಕೈಯಲ್ಲಿ ಜಿಡ್ಡಿಲ್ಲದ ಗಳಿಗೆ ಯಾವುದಿದೆ?

ಸೋಪಿನ ಹೊದಿಕೆ ಓದುವುದನ್ನೂ ಕಲಿತೆ. ಟಿಎಫ್‌ಎಂ ಅಂತ ಒಂದು ಅಂಕಿ ಇರುತ್ತದೆ, ಅದರಲ್ಲಿರುವ ಕೊಬ್ಬಿನ ಆಮ್ಲದ ಲೆಕ್ಕ. ಭಾರತೀಯ ಮಾನಕದ ಪ್ರಕಾರ 76 ಇದ್ದರೆ ಮೊದಲ ದರ್ಜೆ, 70 ಎರಡನೆಯದು, 60 ಮೂರನೆಯದು. ‘ಬಾತಿಂಗ್ ಬಾರ್’ ಅಂತ ಬರೆದಿದ್ದರೆ ಅದು ಈ ಸಾಲಿಗೇ ಸೇರಿದ್ದಲ್ಲ. ಆದರೆ 76 ಇದ್ದರೂ ಸೋಪು ಸೋಪೇ, ಕ್ಷಾರವೇ. ಈ ಅಂಕಿಯನ್ನು ದೇವರು ಮಾಡಿಕೊಂಡವರನ್ನು ಕಂಡಿದ್ದೇನೆ. ನಾನು ಕೈಗೆ ಸೋಪಲ್ಲದ, ಪಿಎಚ್ 5.5ರ ಬಿಲ್ಲೆ ತಂದೆ. ಬೆಲೆ ಜಾಸ್ತಿ, ಹಾಗಾಗಿ ನನ್ನೊಬ್ಬಳ ಡಬ್ಬಿಯಲ್ಲಿ ಬಚ್ಚಿಟ್ಟೆ. ಯಜಮಾನರು ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ಮೈತುಂಬ ಸೋಪು ಹಚ್ಚಿ ಸ್ನಾನ ಮಾಡಿ, ಕಾಲು ಕೆರೆದುಕೊಳ್ಳುತ್ತಾ ಕೂರುತ್ತಿದ್ದರು. ಈಗ ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ, ಉಳಿದ ಮೈಗೆ ಬರೀ ತಣ್ಣೀರು. ಕೆರೆತ ನಿಂತಿದೆ. ಅದು ತಮ್ಮದೇ ಸಂಶೋಧನೆ ಅಂತ ಹೇಳಿಕೊಳ್ಳುತ್ತಾರೆ.

ಜನವರಿಯಲ್ಲಿ ಸೀಳು ಮುಚ್ಚಿದವು. ಫೆಬ್ರವರಿಯಲ್ಲಿ ಕೈ ನೋಡಿದರೆ ಏನೂ ಆಗಿಲ್ಲ ಅನ್ನುವ ಹಾಗಿತ್ತು. ಡಾಕ್ಟರು ಎಚ್ಚರಿಸಿದ್ದರು, ಮೇಲೆ ವಾಸಿಯಾಗಿ ಕಂಡರೂ ಒಳಗಿನ ಗೋಡೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು ಅಂತ. ಕೇಳಿದ್ದೆ, ಮರೆತಿದ್ದೆ. ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಬಂತು. ಮನೆ ತುಂಬ ನೆಂಟರು. ಎರಡು ದಿನ ಹಿಂದಿನ ಹಾಗೇ ಬಗ್ಗಿ ಎಲ್ಲ ಪಾತ್ರೆ ತಿಕ್ಕಿದೆ, ವ್ಯಾಸಲೀನ್ ಡಬ್ಬಿ ಕಪಾಟಿನಲ್ಲೇ ಇತ್ತು. ಮೂರನೇ ದಿನ ಬೆಳಿಗ್ಗೆ ಅದೇ ಉಂಗುರ ಬೆರಳಿನ ಬುಡದಲ್ಲಿ ಕೆಂಪು ಪಟ್ಟಿ. ಎರಡು ತಿಂಗಳ ಕೆಲಸ ಎರಡು ದಿನದಲ್ಲಿ ಹೋಯಿತು. ಅವತ್ತು ನಾನು ಅತ್ತೇ ಬಿಟ್ಟೆ.

ಆಮೇಲೆ ಪಾತ್ರೆಗೆ ಒಬ್ಬಾಕೆಯನ್ನು ಇಟ್ಟೆವು. ನನಗಿಂತ ಹಿರಿಯಳು, ಯಕ್ಕ ಅಂತಲೇ ಕರೆಯುತ್ತೇನೆ. ರೊಟ್ಟಿ ಬಡಿಯುವುದನ್ನು ನೆಗೆಣ್ಣಿಗೂ ನನಗೂ ದಿನ ಬಿಟ್ಟು ದಿನ ಹಂಚಿಕೊಂಡೆವು. ನನ್ನ ಕೈ ಸುಧಾರಿಸಿತು. ಉಂಗುರ ಮಾತ್ರ ಈಗ ಕೊರಳ ಸರದಲ್ಲಿದೆ, ಬೆರಳಿಗೆ ಮರಳಿಲ್ಲ.

ಮಳೆಗಾಲದಲ್ಲಿ ಒಂದು ದಿನ ಚಹಾ ಕೊಡುವಾಗ ಯಕ್ಕನ ಬೆರಳು ಕಂಡಿತು. ಉಗುರಿನ ಬುಡ ಊದಿ ಕೆಂಪಾಗಿತ್ತು. ಬೆರಳ ಸಂದಿಯಲ್ಲಿ ಬೆಳ್ಳಗೆ ಹೊಟ್ಟು. ಲೋಟ ಹಿಡಿದ ಕೈ ಹಾಗೇ ನಿಂತಿತು ನನ್ನದು. ನನ್ನ 61 ಕಾಳಲ್ಲಿ ಕಡಿಮೆಯಾದದ್ದು ಎಲ್ಲಿ ಹೋಯಿತು ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ನಮ್ಮ ಬಚ್ಚಲು ದಾಟಿದರೆ ಅವಳಿಗೆ ಇನ್ನೂ ಮೂರು ಮನೆ.

ಅವಳನ್ನೂ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಉದ್ದ ಹಿಡಿಕೆಯ ಬ್ರಷ್ ತಂದೆ, ರಬ್ಬರ್ ಕೈಗವಸು ತಂದೆ. ಬರೀ ರಬ್ಬರ್ ಹಾಕಿದರೆ ಒಳಗೆ ಬೆವರಿ ಅದೂ ಒದ್ದೆಯೇ, ಹಾಗಾಗಿ ಒಳಗೆ ಹಾಕಲು ಹತ್ತಿಯದ್ದನ್ನು ನಾನೇ ಹೊಲಿದೆ, ಎರಡು ಜೊತೆ. ಹುಡುಗರಿಗೆ ತಮ್ಮ ತಟ್ಟೆ ತಾವೇ ಒಮ್ಮೆ ನೀರು ಹಾಕಿ ಇಡಿ ಅಂತ ಹೇಳಿದೆ. ಕೆಲವರು ಇಡುತ್ತಾರೆ.

ಯಕ್ಕ ನಾನು ಎದುರಿಗಿದ್ದರೆ ಕೈಗವಸು ಹಾಕುತ್ತಾಳೆ. ನಿನ್ನೆ ಸುಮ್ನೆ ಬಚ್ಚಲ ಕಡೆ ಹೋದೆ. ಎರಡೂ ಜೊತೆ ತಂತಿಯ ಮೇಲೆ ಒಣಗುತ್ತಿದ್ದವು. ಅವಳು ಬರಿಗೈಯಲ್ಲಿ ಪರಾತ ತಿಕ್ಕುತ್ತಿದ್ದಳು.

“ಯಾಕ್ ಯಕ್ಕಾ, ಹಾಕಿಲ್ಲಲ್ಲ?”

“ಅದು ಹಾಕ್ಕೊಂಡ್ರ ಜಿಡ್ಡು ಹೋಗ್ಯಾದೋ ಇಲ್ಲೋ ಕೈಗ ಗೊತ್ತಾಗಂಗಿಲ್ವಾ” ಅಂದಳು, ಪರಾತದ ತಳದ ಮೇಲೆ ಹೆಬ್ಬೆಟ್ಟು ಒತ್ತಿ ಸರಕ್ ಅಂತ ಎಳೆದು ತೋರಿಸುತ್ತಾ.